ಕ್ಯಾನ್ವಾಸ್ ಮೇಲೆ ಕಳೆದ ಹದಿನೆಂಟು ವರ್ಷ

ಪುಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡದವರದು ಐದು ಮನೆ. 2024ರ ಜನವರಿ 27ರ ಶನಿವಾರ ಸಂಜೆ ಐದೂ ಮನೆಯವರು ಒಂದೇ ಟಿ.ವಿ. ಮುಂದೆ ಕೂತಿದ್ದೆವು. ಮೆಲ್ಬರ್ನ್‌ನಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲ್ ಆಡುತ್ತಿದ್ದರು. ಮ್ಯಾಥ್ಯೂ ಎಬ್ಡನ್ ಜತೆಗೂಡಿ ಅವರು ಗೆದ್ದಾಗ ಮನೆ ಹಾರಿಹೋಗುವಂತೆ ಕೂಗಿದೆವು. ಆಗ ಬೋಪಣ್ಣ ಅವರ ವಯಸ್ಸು 43. ಇಲ್ಲೇ ಹಿಂಜವಡಿಗೆ ಹತ್ತಿರದ ಬಾಲೆವಾಡಿಯಲ್ಲಿ 2022ರಲ್ಲಿ ಡಬಲ್ಸ್ ಪ್ರಶಸ್ತಿ ಗೆದ್ದವರು ಎಂಬ ಕಾರಣಕ್ಕೆ ನಮಗೆ ಅವರ ಮೇಲೆ ಸ್ವಲ್ಪ ಹೆಚ್ಚೇ ಸಲುಗೆ.

ಗಲಾಟೆ ತಣ್ಣಗಾದ ಮೇಲೆ ಒಂದನೇ ಮಹಡಿಯ ಹುಡುಗ ಒಂದು ಪ್ರಶ್ನೆ ತೆಗೆದ. ಪಕ್ಕದಲ್ಲಿ ಜೊತೆಗಾರ ಇಲ್ಲದೆ, ಸಿಂಗಲ್ಸ್‌ನಲ್ಲಿ, ಈ ವಯಸ್ಸಿಗೆ ಯಾರಾದರೂ ಗೆದ್ದಿದ್ದಾರಾ ಅಂತ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಾತ್ರಿ ಹುಡುಕಿದೆ. ಸಿಕ್ಕ ಹೆಸರು ಪಾಂಚೊ ಗೊನ್ಸಾಲೆಸ್. 1972ರ ಫೆಬ್ರವರಿಯಲ್ಲಿ, ಅಮೆರಿಕದ ಅಯೋವಾ ರಾಜ್ಯದ ಡಿಮೊಯ್ನ್ ಎಂಬ ಊರಲ್ಲಿ ನಡೆದ ಒಳಾಂಗಣ ಟೂರ್ನಿ. ಗೆದ್ದವನಿಗೆ 44 ತುಂಬಲು ಮೂರು ತಿಂಗಳು ಬಾಕಿ.

ಒಂದು ಖುಷಿಯ ಕಥೆ ಸಿಗುತ್ತದೆ ಅಂದುಕೊಂಡು ಓದಲು ಕೂತವನು ನಾನು. ಆದರೆ ಆತನ ಸಾಧನೆಯ ಪಟ್ಟಿಯಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. 1948ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್. 1949ರಲ್ಲಿ ಮತ್ತೆ ಚಾಂಪಿಯನ್. ಅಲ್ಲಿಂದ 1968ರವರೆಗೆ ವಿಂಬಲ್ಡನ್, ಪ್ಯಾರಿಸ್, ಫಾರೆಸ್ಟ್ ಹಿಲ್ಸ್ ಎಲ್ಲ ಕಾಲಮ್ಮೂ ಖಾಲಿ. 21ನೇ ವಯಸ್ಸಿನಿಂದ 40ರ ಅಂಚಿನವರೆಗೆ! ಡೇಟಾ ನೋಡುವುದೇ ನನ್ನ ದಿನದ ಕೆಲಸ. ಖಾಲಿ ಕಾಲಂ ಕಂಡರೆ ಅದು ಸೊನ್ನೆಯೋ, ದಾಖಲಾಗದೆ ಉಳಿದದ್ದೋ ಎಂದು ಕೇಳಬೇಕು, ಎರಡನ್ನೂ ಒಂದೇ ಎಂದುಕೊಂಡರೆ ಲೆಕ್ಕವೆಲ್ಲ ತಪ್ಪುತ್ತದೆ. ಗೊನ್ಸಾಲೆಸ್‌ನ ಖಾಲಿ ಕಾಲಮ್ಮುಗಳು ಸೊನ್ನೆಯಲ್ಲ.

ಆತನ ಪೂರ್ತಿ ಹೆಸರು ರಿಕಾರ್ಡೊ ಅಲೊನ್ಸೊ ಗೊನ್ಸಾಲೆಸ್. ಹುಟ್ಟಿದ್ದು 1928ರ ಮೇ 9ರಂದು, ಲಾಸ್ ಏಂಜಲೀಸ್‌ನಲ್ಲಿ. ಅಪ್ಪ ಮನುವೆಲ್, ಅಮ್ಮ ಕಾರ್ಮೆನ್. ಇಬ್ಬರೂ ಮೆಕ್ಸಿಕೊದ ಚಿಹ್ವಾಹ್ವಾ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು. ಅಪ್ಪನದು ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಮನೆಯಲ್ಲಿ ಏಳು ಮಕ್ಕಳು. ಮನೆಯವರು ಈತನನ್ನು ಕರೆಯುತ್ತಿದ್ದುದು ರಿಚರ್ಡ್ ಎಂದು. ಪಾಂಚೊ ಎಂಬುದು ಫ್ರಾನ್ಸಿಸ್ಕೊ ಎಂಬ ಹೆಸರಿನವರಿಗೆ ಮುದ್ದಿನಿಂದ ಕರೆಯುವ ಹೆಸರಂತೆ, ಈತ ಫ್ರಾನ್ಸಿಸ್ಕೊನೇ ಅಲ್ಲ. ಆದರೆ ಕ್ಯಾಲಿಫೋರ್ನಿಯಾದ ಬಿಳಿಯರಿಗೆ ಮೆಕ್ಸಿಕೊ ಮೂಲದವರೆಲ್ಲ ಪಾಂಚೊಗಳೇ. ಮುಂಬೈಗೆ ಮೊದಲು ಬಂದ ನಮ್ಮವರನ್ನು ಊರು, ಭಾಷೆ ವಿಚಾರಿಸದೆ ಸಾರಾಸಗಟಾಗಿ ಮದ್ರಾಸಿ ಎಂದು ಕರೆದರಲ್ಲ, ಹಾಗೆ. ಆ ಹೆಸರೇ ಆತನಿಗೆ ಗಟ್ಟಿಯಾಗಿ ಅಂಟಿಕೊಂಡಿತು, ಟೆನಿಸ್‌ನ ಚರಿತ್ರೆಯಲ್ಲೂ ಅದೇ ಉಳಿಯಿತು.

ಎಡಗೆನ್ನೆಯ ಮೇಲೆ ಉದ್ದನೆಯ ಗಾಯದ ಗುರುತಿತ್ತು. ಚಿಕ್ಕಂದಿನಲ್ಲಿ ತಳ್ಳುಗಾಡಿಯಂಥ ಸ್ಕೂಟರ್ ಆಡಿಸುವಾಗ ಆದ ಗಾಯ ಅದು. ನೋಡಿದವರು ಮಾತ್ರ ಚಾಕು ಹಿಡಿದು ಬಡಿದಾಡಿದವನ ಗುರುತು ಎಂದುಕೊಂಡರು. ಮೆಕ್ಸಿಕನ್ ಹುಡುಗನ ಮುಖದ ಮೇಲಿನ ಗಾಯಕ್ಕೆ ಬೇರೆ ಕಾರಣ ಇರಬಹುದೆಂದು ಹೊಳೆಯುವ ಕಾಲವಲ್ಲ ಅದು.

ಹನ್ನೆರಡು ವರ್ಷವಾದಾಗ ಹುಡುಗ ಸೈಕಲ್ ಬೇಕೆಂದು ಹಟ ಹಿಡಿದ. ಬಿದ್ದು ಕೈಕಾಲು ಮುರಿದುಕೊಂಡಾನು ಎಂಬ ಭಯ ಅಮ್ಮನಿಗೆ. ಸೈಕಲ್ ಬದಲು 51 ಸೆಂಟ್ ಕೊಟ್ಟು ಒಂದು ಟೆನಿಸ್ ರ‍್ಯಾಕೆಟ್ ತಂದುಕೊಟ್ಟಳು. ಹತ್ತಿರದ ಎಕ್ಸ್‌ಪೊಸಿಷನ್ ಪಾರ್ಕ್‌ನಲ್ಲಿ ಸಾರ್ವಜನಿಕ ಅಂಕಣಗಳಿದ್ದವು. ಕೋಚ್ ಇಲ್ಲ, ಕ್ಲಬ್ ಇಲ್ಲ. ಆಡುವವರನ್ನು ನೋಡಿ ನೋಡಿ ಕಲಿತ. ಮುಂದೆ ಟೆನಿಸ್ ಪಂಡಿತರು ಇಷ್ಟು ಸಲೀಸಾದ ಸರ್ವ್ ಇನ್ನೊಂದಿಲ್ಲ ಎಂದು ಹೊಗಳಿದ್ದು ಹೀಗೆ ಬೇಲಿಯಾಚೆ ನಿಂತು ಕಲಿತ ಹುಡುಗನ ಸರ್ವ್ ಅನ್ನೇ.

ಕಲಿತಷ್ಟೂ ಶಾಲೆ ಬೇಡವಾಯಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಟೆನಿಸ್ ಆಗ ಪೆರ‍್ರಿ ಜೋನ್ಸ್ ಎಂಬಾತನ ಮುಷ್ಟಿಯಲ್ಲಿತ್ತು. ಇಸ್ತ್ರಿ ಕೆಡದ ಬಿಳಿ ಉಡುಪು, ಒಳ್ಳೆಯ ನಡತೆ ಎಂದರೆ ಜೋನ್ಸ್‌ಗೆ ಪ್ರಾಣ. ಶಾಲೆ ತಪ್ಪಿಸುವ ಹುಡುಗ ಟೂರ್ನಿಗಳಲ್ಲಿ ಆಡುವಂತಿಲ್ಲ ಎಂದು ಆತ ಗೊನ್ಸಾಲೆಸ್‌ಗೆ ಬಾಗಿಲು ಹಾಕಿದ. ಇದರಲ್ಲಿ ಹುಡುಗನ ಬಣ್ಣದ ಪಾತ್ರ ಎಷ್ಟು, ಶಾಲೆಯ ಪಾತ್ರ ಎಷ್ಟು ಎಂದು ಇವತ್ತಿಗೂ ವಾದ ಮಾಡುವವರಿದ್ದಾರೆ. ನನಗನ್ನಿಸುವುದು, ಅನುಕೂಲಸ್ಥರ ಮನೆಯ ಹುಡುಗನಾಗಿದ್ದರೆ ಒಂದು ಎಚ್ಚರಿಕೆಯ ಪತ್ರದಲ್ಲಿ ಮುಗಿಯುತ್ತಿತ್ತು. ಹದಿನೈದರಲ್ಲಿ ಮನೆಗಳ್ಳತನದ ಕೇಸಿನಲ್ಲಿ ಸಿಕ್ಕಿಬಿದ್ದು ಬಾಲಾಪರಾಧಿಗಳ ಜೊತೆ ಒಂದು ವರ್ಷ ಕಳೆದ. 1945ರಲ್ಲಿ ನೌಕಾಪಡೆ ಸೇರಿದ. ಅಲ್ಲೂ ರಜೆ ಮುಗಿದರೂ ಹಿಂತಿರುಗದೆ, ದುರ್ನಡತೆಯ ಷರಾ ಬರೆಸಿಕೊಂಡು 1947ರಲ್ಲಿ ಹೊರಬಿದ್ದ.

ಅಲ್ಲಿಂದ ಮುಂದಿನ ವೇಗ ನೋಡಿ. ಬಾಗಿಲು ತೆರೆದ ಮರುವರ್ಷವೇ, 1948ರಲ್ಲಿ, ಫಾರೆಸ್ಟ್ ಹಿಲ್ಸ್‌ನ ಹುಲ್ಲಿನ ಅಂಕಣದಲ್ಲಿ ಎಂಟನೇ ಶ್ರೇಯಾಂಕದ ಗೊನ್ಸಾಲೆಸ್ ಅಮೆರಿಕದ ಚಾಂಪಿಯನ್ ಆದ. ಫೈನಲ್‌ನಲ್ಲಿ ಸೋತವನು ದಕ್ಷಿಣ ಆಫ್ರಿಕಾದ ಎರಿಕ್ ಸ್ಟರ್ಜೆಸ್. ಇಪ್ಪತ್ತು ವರ್ಷದ ಗೊನ್ಸಾಲೆಸ್ ಆರಡಿಗೂ ಮೀರಿದ ಆಳು. ಅಷ್ಟಾದರೂ ಇದು ಅದೃಷ್ಟದ ಗೆಲುವು ಎಂದವರೇ ಹೆಚ್ಚು. 1949ರಲ್ಲಿ ವಿಂಬಲ್ಡನ್‌ನಲ್ಲಿ ಬೇಗ ಸೋತಾಗ ಅವರ ಮಾತಿಗೆ ಬಲ ಬಂತು. ನ್ಯೂಯಾರ್ಕಿನ ಪತ್ರಕರ್ತನೊಬ್ಬ ಈತನನ್ನು ಚೀಸ್ ಚಾಂಪಿಯನ್ ಎಂದು ಗೇಲಿ ಮಾಡಿದ. ಗೊರ್ಗೊನ್ಜೋಲಾ ಎಂಬ ಇಟಲಿಯ ಚೀಸ್‌ಗೂ ಗೊನ್ಸಾಲೆಸ್ ಹೆಸರಿಗೂ ಪ್ರಾಸ ಕೂಡುತ್ತದಲ್ಲ. ಅದೇ ಮೊಟಕಾಗಿ ಗೊರ್ಗೊ ಆಯಿತು. ಎರಡನೇ ಅಡ್ಡಹೆಸರೂ ಬಂತು, ಅದೂ ಆತ ಕೇಳಿ ಪಡೆದದ್ದಲ್ಲ.

ಆ ಸೆಪ್ಟೆಂಬರಿನ ಫಾರೆಸ್ಟ್ ಹಿಲ್ಸ್ ಫೈನಲ್‌ನಲ್ಲಿ ಎದುರಾಳಿ ಅದೇ ವರ್ಷ ವಿಂಬಲ್ಡನ್ ಗೆದ್ದಿದ್ದ ಟೆಡ್ ಶ್ರೋಡರ್. ಮೊದಲ ಸೆಟ್ 16–18ರಲ್ಲಿ ಹೋಯಿತು. ಎರಡನೆಯದು 2–6. ಆಮೇಲೆ ಗೊನ್ಸಾಲೆಸ್ 6–1, 6–2, 6–4ರಲ್ಲಿ ಮೂರನ್ನೂ ಗೆದ್ದ. ಅದೃಷ್ಟದ ಮಾತು ಅಲ್ಲಿಗೆ ನಿಂತಿತು.

ಆಗಿನ ಟೆನಿಸ್‌ನ ಜಾತಿಪದ್ಧತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ವಿಂಬಲ್ಡನ್, ಫಾರೆಸ್ಟ್ ಹಿಲ್ಸ್, ಪ್ಯಾರಿಸ್, ಆಸ್ಟ್ರೇಲಿಯಾ, ಡೇವಿಸ್ ಕಪ್ ಎಲ್ಲವೂ ಹವ್ಯಾಸಿಗಳಿಗೆ ಮಾತ್ರ. ಗೆದ್ದರೆ ಬೆಳ್ಳಿ ಕಪ್ಪು, ಹೋಗಿಬರುವ ಖರ್ಚು, ಬಹುಮಾನದ ಹಣ ಇಲ್ಲ. ಮೇಜಿನ ಕೆಳಗೆ ಲಕೋಟೆ ಕೈಬದಲಾಗುತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಆದರೆ ಆಡಿದ್ದಕ್ಕೆ ಹಣ ತಗೊಂಡೆ ಎಂದು ಬಹಿರಂಗವಾಗಿ ಒಪ್ಪಿಕೊಂಡವನು ವೃತ್ತಿಪರ, ಅವನಿಗೆ ಆ ಅಂಗಳಗಳಿಗೆ ಮತ್ತೆ ಪ್ರವೇಶವಿಲ್ಲ. ಮನೆಯಲ್ಲಿ ಆಸ್ತಿ ಇರುವವನಿಗೆ ಹವ್ಯಾಸಿಯಾಗಿ ಉಳಿಯುವುದು ಸುಲಭ. ಬಣ್ಣ ಬಳಿಯುವವನ ಮಗ, ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ಸಂಸಾರ ಹೊತ್ತವನು, ಎಷ್ಟು ದಿನ ಕಪ್ಪು ನೋಡುತ್ತ ಕೂರಬಲ್ಲ? ಆತ ಸಹಿ ಹಾಕಿದ. 21ರ ಹರೆಯ ಆಗ.

1949ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲ ಪಂದ್ಯ. ಎದುರಿಗೆ ವೃತ್ತಿಪರರ ದೊರೆ ಜಾಕ್ ಕ್ರೇಮರ್. ಪದ್ಧತಿ ಹೀಗಿತ್ತು: ಹಳೆಯ ಚಾಂಪಿಯನ್ ಒಬ್ಬ, ಹವ್ಯಾಸಿಗಳಿಂದ ಹೊಸದಾಗಿ ಬಂದ ಹೀರೊ ಒಬ್ಬ. ಇಬ್ಬರೂ ತಿಂಗಳುಗಟ್ಟಲೆ ಊರೂರು ಸುತ್ತಿ ದಿನಕ್ಕೊಂದು ಕಡೆ ಆಡಬೇಕು. ನಮ್ಮ ಕಂಪನಿ ನಾಟಕದವರ ತಿರುಗಾಟ ನೆನಪಾಗುತ್ತದೆ. ಜೊತೆಗೆ ಅಂಕಣವೂ ಪ್ರಯಾಣ ಮಾಡುತ್ತಿತ್ತು! ದೊಡ್ಡ ಕ್ಯಾನ್ವಾಸ್ ಬಟ್ಟೆಯನ್ನು ಸುತ್ತಿ ಲಾರಿಗೆ ಹಾಕುವುದು, ಮುಂದಿನ ಊರಿನ ಬಾಸ್ಕೆಟ್‌ಬಾಲ್ ಹಾಲ್‌ನ ಹಲಗೆಯ ಮೇಲೋ, ಐಸ್ ಹಾಕಿ ಆಡುವ ರಿಂಕ್‌ನ ಮೇಲೋ ಹಾಸಿ ಬಿಗಿಯಾಗಿ ಎಳೆದು ಕಟ್ಟುವುದು. ಬೆಳಕು ಒಂದೊಂದು ಊರಲ್ಲಿ ಒಂದೊಂದು ಥರ, ಚಾವಣಿ ಕೆಲವೆಡೆ ತಗ್ಗು. ಕ್ಯಾನ್ವಾಸ್ ಮೇಲೆ ಚೆಂಡು ಏಳುವುದಕ್ಕಿಂತ ಹೆಚ್ಚಾಗಿ ಜಾರಿಕೊಂಡು ನುಗ್ಗುತ್ತದೆ. ರಾತ್ರಿ ಪಂದ್ಯ ಮುಗಿದರೆ ಬಟ್ಟೆ ಸುತ್ತಿ, ಕಾರು ಹತ್ತಿ, ಮುಂದಿನ ಊರು.

ಆ ಒಂದು ತಿರುಗಾಟದಲ್ಲಿ 123 ಪಂದ್ಯ ನಡೆದವು. ಕ್ರೇಮರ್ ಗೆದ್ದದ್ದು 96, ಗೊನ್ಸಾಲೆಸ್ 27. ದಿನಾ ಸಂಜೆ ಸೋಲುವುದೇ ಕೆಲಸ ಎಂಬಂತಾಯಿತು. ಕೈಗೆ ಹಣವೇನೋ ಬಂತು. ಆದರೆ ಸೋತವನ ಮುಖಕ್ಕೆ ಇನ್ನೊಮ್ಮೆ ಟಿಕೆಟ್ ಮಾರಾಟವಾಗುವುದಿಲ್ಲ ಎಂಬುದು ಈ ವ್ಯಾಪಾರದ ಸರಳ ಲೆಕ್ಕ. ಮುಂದಿನ ಸುತ್ತಿಗೆ ಈಕ್ವಡಾರ್‌ನ ಪಾಂಚೊ ಸೆಗೂರನನ್ನು ಆರಿಸಿಕೊಂಡರು. ಹವ್ಯಾಸಿಗಳ ಕಡೆಗೆ ಹಿಂದಿರುಗುವ ದಾರಿ ಮುಚ್ಚಿತ್ತು, ವೃತ್ತಿಪರರ ಕಡೆ ಕೆಲಸ ಇರಲಿಲ್ಲ. 22ರಲ್ಲಿ ಗೊನ್ಸಾಲೆಸ್ ಹಳೆಯ ಆಟಗಾರನಾಗಿದ್ದ. ತಾನು ಆಟ ಕಲಿತ ಅದೇ ಎಕ್ಸ್‌ಪೊಸಿಷನ್ ಪಾರ್ಕ್‌ನಲ್ಲಿ ಟೆನಿಸ್ ಅಂಗಡಿ ನಡೆಸುತ್ತ, ಕಂಡವರ ರ‍್ಯಾಕೆಟ್‌ಗಳಿಗೆ ಗಟ್ ಬಿಗಿಯುತ್ತ, ಪೋಕರ್ ಆಡುತ್ತ, ಕಾರು ಬಿಚ್ಚಿ ಜೋಡಿಸಿ ರೇಸಿಗೆ ಬಿಡುತ್ತ ಕಾಲ ತಳ್ಳಿದ.

ಈ ವರ್ಷಗಳಲ್ಲಿ ಆತನನ್ನು ಆಟಗಾರನಾಗಿ ಉಳಿಸಿದ್ದು ಮುಖ್ಯವಾಗಿ ಒಂದು ಒಳಾಂಗಣ ಟೂರ್ನಿ. ಲಂಡನ್ನಿನ ವೆಂಬ್ಲಿಯಲ್ಲಿ ಆಗ ಎಂಪೈರ್ ಪೂಲ್ ಎಂದು ಕರೆಯುತ್ತಿದ್ದ ಭವನವಿದೆ. 1934ರ ಎಂಪೈರ್ ಗೇಮ್ಸ್‌ನ ಈಜು ಸ್ಪರ್ಧೆಗೆಂದು ಕಟ್ಟಿದ್ದು. ಆ ವರ್ಷದಿಂದಲೇ ಅಲ್ಲಿ ವೃತ್ತಿಪರರ ಒಳಾಂಗಣ ಚಾಂಪಿಯನ್‌ಶಿಪ್ ಶುರುವಾಗಿತ್ತು. ಮೊದಲ ಮೂರು ವರ್ಷ ಗೆದ್ದವನು ಅಮೆರಿಕದ ಎಲ್ಸ್‌ವರ್ತ್ ವೈನ್ಸ್. ಯುದ್ಧದ ಕಾಲಕ್ಕೆ ನಿಂತು 1949ರಲ್ಲಿ ಮತ್ತೆ ಆರಂಭವಾಯಿತು. ಲಂಡನ್ನಿನ ಒಂದು ಮೂಲೆಯಲ್ಲಿ ವಿಂಬಲ್ಡನ್, ಅಲ್ಲಿ ರಾಜಮನೆತನದವರು, ಸ್ಟ್ರಾಬೆರಿ, ಹವ್ಯಾಸಿಗಳು. ಅದೇ ಊರಿನ ಇನ್ನೊಂದು ಮೂಲೆಯಲ್ಲಿ, ಈಜುಕೊಳದ ಮೇಲೆ ಹಾಸಿದ ನೆಲದಲ್ಲಿ, ದೀಪದ ಬೆಳಕಲ್ಲಿ, ಆ ವಿಂಬಲ್ಡನ್ ಚಾಂಪಿಯನ್ನರನ್ನು ಸೋಲಿಸಬಲ್ಲವರು. ಟೆನಿಸ್ ಪ್ರಪಂಚದ ಲೆಕ್ಕಕ್ಕೆ ಬಂದದ್ದು ಮಾತ್ರ ಮೊದಲನೆಯದು.

ವೆಂಬ್ಲಿಯಲ್ಲಿ ಗೊನ್ಸಾಲೆಸ್ 1950ರಲ್ಲಿ ಗೆದ್ದ, 1951ರಲ್ಲೂ ಗೆದ್ದ. 1952ರ ಫೈನಲ್‌ನಲ್ಲಿ ಎದುರಿಗೆ ನಿಂತವನು ಅದೇ ಜಾಕ್ ಕ್ರೇಮರ್, 96 ಸಲ ಸೋಲಿಸಿದ್ದವನು. ಮೊದಲೆರಡು ಸೆಟ್ 3–6, 3–6. ಆಮೇಲೆ 6–2, 6–4, 7–5. ಇಂಥ ಗೆಲುವಿನ ನಂತರವೂ 1953ರ ತಿರುಗಾಟಕ್ಕೆ ಕ್ರೇಮರ್ ಎದುರು ನಿಲ್ಲುವ ಅವಕಾಶ ಸಿಕ್ಕಿದ್ದು ಹಿಂದಿನ ವರ್ಷದ ವಿಂಬಲ್ಡನ್ ವಿಜೇತ, ಆಸ್ಟ್ರೇಲಿಯಾದ ಫ್ರಾಂಕ್ ಸೆಡ್ಜ್‌ಮನ್‌ಗೆ. ಹೊಸ ಮುಖಕ್ಕೇ ಟಿಕೆಟ್.

ಬೆನ್ನುನೋವಿನಿಂದ ಕ್ರೇಮರ್ ಆಟ ಬಿಟ್ಟು ಆಟಗಾರರನ್ನು ಆಡಿಸುವ ವ್ಯಾಪಾರಿಯಾದ ಮೇಲೆ, 1954ರಲ್ಲಿ, ಗೊನ್ಸಾಲೆಸ್‌ನ ಸರದಿ ಬಂತು. ಸೆಗೂರ, ಸೆಡ್ಜ್‌ಮನ್ ಎಲ್ಲರನ್ನೂ ಹಿಂದೆ ಹಾಕಿ ವೃತ್ತಿಪರರಲ್ಲಿ ಮೊದಲಿಗನಾದ. ಇಲ್ಲಿಂದ ಮುಂದಿನದನ್ನು ನಮ್ಮ ಐಟಿ ಮಿತ್ರರು ಗಮನವಿಟ್ಟು ಓದಬೇಕು.

1955ರಲ್ಲಿ ಟೋನಿ ಟ್ರಾಬರ್ಟ್ ವಿಂಬಲ್ಡನ್, ಪ್ಯಾರಿಸ್, ಫಾರೆಸ್ಟ್ ಹಿಲ್ಸ್ ಮೂರನ್ನೂ ಗೆದ್ದು ವೃತ್ತಿಪರನಾದ. ಕ್ರೇಮರ್ ಅವನಿಗೆ ಕೊಟ್ಟ ಖಾತ್ರಿ 80,000 ಡಾಲರ್. ಎದುರಾಳಿಯಾಗಿ ನಿಂತ ಚಾಂಪಿಯನ್ ಗೊನ್ಸಾಲೆಸ್‌ಗೆ ಸಿಕ್ಕಿದ್ದು 15,000. ಅದೂ ಏಳು ವರ್ಷದ ಕರಾರಿಗೆ ಸಹಿ ಹಾಕಿಸಿಕೊಂಡು. ನಾವು ಆರೇಳು ವರ್ಷ ದುಡಿದು, ಸಿಸ್ಟಂ ನಮ್ಮ ಕೈಯಲ್ಲೇ ಬೆಳೆದು, ಕೊನೆಗೆ ನಮ್ಮಿಂದಲೇ ಕೆಲಸ ಕಲಿಯಲು ಬಂದ ಹೊಸಬನ ಸಂಬಳ ನಮ್ಮದಕ್ಕಿಂತ ಜಾಸ್ತಿ ಎಂದು ಕ್ಯಾಂಟೀನ್‌ನಲ್ಲಿ ತಿಳಿದ ದಿನ ಹೇಗಿರುತ್ತದೆ? ನನಗೆ ಒಮ್ಮೆ ಆಗಿದೆ. ಆ ವಾರ ನಾನು ಯಾರ ಜತೆಗೂ ಸರಿಯಾಗಿ ಮಾತಾಡಲಿಲ್ಲ, ರೆಸ್ಯೂಮೆ ತಿದ್ದುತ್ತ ಕೂತಿದ್ದೆ. ನನಗೆ ಬಿಟ್ಟುಹೋಗಲು ಬೇರೆ ಕಂಪನಿಗಳಿದ್ದವು. ಗೊನ್ಸಾಲೆಸ್‌ಗೆ ಜಗತ್ತಿನಲ್ಲಿ ಇದ್ದದ್ದು ಇದೊಂದೇ ಕಂಪನಿ.

ಆತ ಅದಕ್ಕೆ ಉತ್ತರ ಕೊಟ್ಟದ್ದು ಕ್ಯಾನ್ವಾಸ್ ಮೇಲೆ. 101 ಪಂದ್ಯಗಳಲ್ಲಿ 74ನ್ನು ಗೊನ್ಸಾಲೆಸ್ ಗೆದ್ದ, ಟ್ರಾಬರ್ಟ್ 27. 96–27ರಲ್ಲಿ ಸೋತ ಮೊದಲ ತಿರುಗಾಟದ ಆ 27ನೇ ಸಂಖ್ಯೆ ಈಗ ಎದುರಾಳಿಯ ಪಾಲಿಗೆ ಬಂತು. 1956ರಲ್ಲಿ ವೆಂಬ್ಲಿಗೆ ಮರಳಿ ಸೆಡ್ಜ್‌ಮನ್‌ನನ್ನು 4–6, 11–9, 11–9, 9–7ರಲ್ಲಿ ಸೋಲಿಸಿ ನಾಲ್ಕನೇ ಬಾರಿ ಪ್ರಶಸ್ತಿ ಎತ್ತಿದ. 1957ರಲ್ಲಿ ಆಸ್ಟ್ರೇಲಿಯಾದ ಕೆನ್ ರೋಸ್‌ವಾಲ್ ಎದುರು 50–26. ಕರಾರಿನ ವಿರುದ್ಧ ಕೋರ್ಟಿಗೆ ಹೋದ, ಆ ಕೋರ್ಟಿನಲ್ಲಿ ಮಾತ್ರ ಸೋತ.

1958ರಲ್ಲಿ ಲ್ಯೂ ಹೋಡ್ ಬಂದ. ಎರಡು ಸಲ ವಿಂಬಲ್ಡನ್ ಗೆದ್ದವನು, ಎತ್ತಿನಂಥ ಮೈಕಟ್ಟು, ಖಾತ್ರಿ ಹಣ 1,25,000 ಡಾಲರ್. ತಿರುಗಾಟದ ಒಂದು ಹಂತದಲ್ಲಿ ಹೋಡ್ 18–9ರಿಂದ ಮುಂದಿದ್ದ. ಗೊನ್ಸಾಲೆಸ್‌ನ ಕಾಲ ಮುಗಿಯಿತು ಎಂದರು. ಅಲ್ಲಿಂದ ಮುಂದಿನ 60 ಪಂದ್ಯಗಳಲ್ಲಿ 42ನ್ನು ಗೆದ್ದು, 51–36ರಲ್ಲಿ ಮುಗಿಸಿದ. ಹೋಡ್‌ನ ಬೆನ್ನು ಕೈಕೊಟ್ಟದ್ದೂ ಇದಕ್ಕೆ ಕಾರಣ ಎಂಬುದನ್ನು ಮರೆಯಬಾರದು. ಆದರೂ 9–18ರಲ್ಲಿ ಹಿಂದೆ ಬಿದ್ದವನು ಮಾರನೇ ರಾತ್ರಿ ಮತ್ತೊಂದು ಊರಲ್ಲಿ ಬಟ್ಟೆ ಬಿಗಿಯುವುದನ್ನು ಕಾಯುತ್ತ ಕೂತಾಗ ಏನು ಯೋಚಿಸಿರಬಹುದು ಎಂದು ನಾನು ಎಷ್ಟೋ ಸಲ ಊಹಿಸಿದ್ದೇನೆ.

ಆತನ ಸರ್ವ್ ಎದುರಾಳಿಗಳಿಗಷ್ಟೇ ಅಲ್ಲ, ವ್ಯಾಪಾರಿಗಳಿಗೂ ತಲೆನೋವಾಗಿತ್ತು. ಒಬ್ಬನೇ ಗೆಲ್ಲುತ್ತಿದ್ದರೆ ನೋಡಲು ಯಾರು ಬರುತ್ತಾರೆ? ಅದಕ್ಕೆ ನಿಯಮಗಳನ್ನೇ ತಿದ್ದಿ ನೋಡಿದರು. ಅಮೆರಿಕದ ವೃತ್ತಿಪರ ಚಾಂಪಿಯನ್‌ಶಿಪ್ ಆಗ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆಯುತ್ತಿತ್ತು. 1955ರಲ್ಲಿ ಅಲ್ಲಿ ಟೇಬಲ್ ಟೆನಿಸ್ ಥರ 21 ಪಾಯಿಂಟ್‌ಗಳ ಲೆಕ್ಕ ತಂದರು. ಸೆಗೂರನ ಎದುರು ಫೈನಲ್ ಐದನೇ ಗೇಮಿನವರೆಗೆ ಹೋಯಿತು, 21–19ರಲ್ಲಿ ಗೊನ್ಸಾಲೆಸ್ ಗೆದ್ದ. ಇನ್ನೊಮ್ಮೆ, ಸರ್ವ್ ಮಾಡಿದವನು ತಕ್ಷಣ ನೆಟ್‌ಗೆ ನುಗ್ಗಿ ವಾಲಿ ಹೊಡೆಯುವಂತಿಲ್ಲ, ಚೆಂಡು ಇಷ್ಟು ಬಾರಿ ಪುಟಿಯಲೇಬೇಕು ಎಂದು ಕಟ್ಟು ಹಾಕಿದರು. ಆಗಲೂ ಈತನೇ ಗೆಲ್ಲುತ್ತಿದ್ದ. ಅಮೆರಿಕದ ಆ ವೃತ್ತಿಪರ ಪ್ರಶಸ್ತಿಯನ್ನು ಆತ ಒಟ್ಟು ಎಂಟು ಸಲ ಗೆದ್ದ.

ಈ ಕ್ಯಾನ್ವಾಸ್ ಸರ್ಕಸ್ಸಿನ ಕರೆ ನಮ್ಮ ದೇಶದ ಬಾಗಿಲಿಗೂ ಬಂದಿತ್ತು. 1959ರಲ್ಲಿ ಚೆನ್ನೈನ ರಾಮನಾಥನ್ ಕೃಷ್ಣನ್ ಅವರಿಗೆ ಕ್ರೇಮರ್ ಮೂರು ವರ್ಷಕ್ಕೆ 1,50,000 ಡಾಲರ್ ಕೊಡಲು ಮುಂದಾಗಿದ್ದ. ಕೃಷ್ಣನ್ ಒಲ್ಲೆ ಎಂದರು. ಹವ್ಯಾಸಿಯಾಗಿ ಉಳಿದು 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದರು, ಡೇವಿಸ್ ಕಪ್‌ನಲ್ಲಿ ಭಾರತವನ್ನು 1966ರ ಫೈನಲ್‌ವರೆಗೆ ಕರೆದೊಯ್ದರು. ಹೂಂ ಎಂದಿದ್ದರೆ ನಮ್ಮ ಕ್ರೀಡಾ ಇತಿಹಾಸದ ಆ ಪುಟಗಳೂ ಖಾಲಿ ಇರುತ್ತಿದ್ದವು.

ಗೊನ್ಸಾಲೆಸ್ ಒಳ್ಳೆಯ ಸಹಪಯಣಿಗನಾಗಿರಲಿಲ್ಲ. ಉಳಿದವರು ಒಟ್ಟಿಗೆ ಹೋದರೆ ಈತ ತನ್ನ ಕಾರಿನಲ್ಲಿ ಒಬ್ಬನೇ ರಾತ್ರಿಯಿಡೀ ಓಡಿಸಿಕೊಂಡು ಹೋಗುತ್ತಿದ್ದ. ಲೈನ್ ಅಂಪೈರ್‌ಗಳ ಮೇಲೆ ರೇಗುತ್ತಿದ್ದ, ಛಾಯಾಗ್ರಾಹಕರ ಮೇಲೆ ಹರಿಹಾಯುತ್ತಿದ್ದ. ಮದುವೆಗಳೇ ಆರಾದವು. ಅದರಲ್ಲಿ ಒಬ್ಬಳನ್ನೇ ಎರಡು ಸಲ ಮದುವೆಯಾದ. ವಿಚಿತ್ರವೆಂದರೆ ಕೋಪ ಬಂದಷ್ಟೂ ಆತನ ಆಟ ಚೆನ್ನಾಗಿ ಆಗುತ್ತಿತ್ತು. ಉಳಿದವರದು ಕೋಪದಲ್ಲಿ ಕೆಡುತ್ತದೆ. ಬಾಲ್ಯದ ಅವಮಾನ ಆತನ ಕೋಪವನ್ನು ವಿವರಿಸುತ್ತದೆ, ನಿಜ. ಮನೆಯಲ್ಲಿ ಅದನ್ನು ಅನುಭವಿಸಿದವರಿಗೆ ಆ ವಿವರಣೆಯಿಂದ ಏನು ಸಿಕ್ಕೀತು? ಆತನನ್ನು ಮೆಚ್ಚಿ ಬರೆಯುವವರು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ.

1960ರಲ್ಲಿ ಒಂದು ಗಳಿಗೆ ಬಂದಿತ್ತು. ಹವ್ಯಾಸಿಗಳೂ ವೃತ್ತಿಪರರೂ ಒಟ್ಟಿಗೆ ಆಡಲಿ ಎಂಬ ಪ್ರಸ್ತಾವ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ ಮುಂದೆ ಮತಕ್ಕೆ ಬಂತು. ಬೇಕಾಗಿದ್ದ ಬಹುಮತಕ್ಕೆ ಐದು ಮತ ಕಡಿಮೆ ಬಿದ್ದವು. ಗೊನ್ಸಾಲೆಸ್‌ಗೆ ಆಗ 32. ಆ ಐದು ಮತ ಬಿದ್ದಿದ್ದರೆ ವಿಂಬಲ್ಡನ್‌ನಲ್ಲಿ ಆಡಲು ಇನ್ನೂ ಕಾಲು ಗಟ್ಟಿಯಿದ್ದ ವಯಸ್ಸು. ಬಾಗಿಲು ತೆರೆಯಲು ಮತ್ತೆ ಎಂಟು ವರ್ಷ ಹಿಡಿಯಿತು.

1968ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ಮೊದಲ ಮುಕ್ತ ಟೂರ್ನಿ. 40 ತುಂಬಲು ಎರಡೇ ವಾರ ಬಾಕಿಯಿದ್ದ ಗೊನ್ಸಾಲೆಸ್ ಅಲ್ಲಿ ಮಾರ್ಕ್ ಕಾಕ್ಸ್ ಎಂಬ ಹವ್ಯಾಸಿಯ ಎದುರು ಐದು ಸೆಟ್‌ಗಳಲ್ಲಿ ಸೋತ. ಹವ್ಯಾಸಿಗೆ ಸೋತ ಮೊದಲ ವೃತ್ತಿಪರ ಎಂದು ಪತ್ರಿಕೆಗಳು ಬರೆದವು. ಹದಿನೆಂಟು ವರ್ಷ ಕಾದವನಿಗೆ ಸಿಕ್ಕ ಸ್ವಾಗತ ಅದು. ಅದಾಗಿ ತಿಂಗಳೊಪ್ಪತ್ತಿನಲ್ಲೇ, ಸಂಪಾದಿಸಲು ಕ್ಯಾನ್ವಾಸ್ ಮೇಲೇ ಬದುಕಿದ್ದ ಅದೇ ಮನುಷ್ಯ, ಪ್ಯಾರಿಸ್‌ನ ಕೆಮ್ಮಣ್ಣಿನಲ್ಲಿ ಸೆಮಿಫೈನಲ್ ತಲುಪಿದ.

1969ರ ವಿಂಬಲ್ಡನ್, ಮೊದಲ ಸುತ್ತು. ಎದುರಿಗೆ ಚಾರ್ಲಿ ಪಸರೆಲ್, 25 ವರ್ಷ, ಹಿಂದೆ ಗೊನ್ಸಾಲೆಸ್ ಕೈಯಲ್ಲೇ ಪಳಗಿದವನು. ಟೈಬ್ರೇಕರ್ ಇಲ್ಲದ ಕಾಲ. ಮೊದಲ ಸೆಟ್ 22–24ಕ್ಕೆ ಹೋಯಿತು. ಕತ್ತಲಾಗುತ್ತಿದೆ, ನಾಳೆ ಆಡೋಣ ಎಂದು ಗೊನ್ಸಾಲೆಸ್ ಕೇಳಿಕೊಂಡರೂ ರೆಫರಿ ಒಪ್ಪಲಿಲ್ಲ. ಎರಡನೇ ಸೆಟ್ ಅನ್ನು ಸಿಟ್ಟಿನಲ್ಲಿ 1–6ಕ್ಕೆ ಬಿಟ್ಟುಕೊಟ್ಟು ಹೊರನಡೆದಾಗ ಪ್ರೇಕ್ಷಕರು ಕೂಗಿ ಕಳಿಸಿದರು. ಮರುದಿನ ಬಂದು 16–14, 6–3, 11–9ರಲ್ಲಿ ಗೆದ್ದ. ಐದನೇ ಸೆಟ್‌ನಲ್ಲಿ ಏಳು ಮ್ಯಾಚ್ ಪಾಯಿಂಟ್ ಉಳಿಸಿಕೊಂಡ. 112 ಗೇಮ್, 5 ಗಂಟೆ 12 ನಿಮಿಷ, 41 ವರ್ಷದ ದೇಹ. ಹಿಂದಿನ ಸಂಜೆ ಕೂಗಿದ ಜನವೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೇಮ್‌ಗಳ ಲೆಕ್ಕದಲ್ಲಿ ವಿಂಬಲ್ಡನ್‌ನ ಅತಿ ದೀರ್ಘ ಸಿಂಗಲ್ಸ್ ಪಂದ್ಯ ಎಂಬ ದಾಖಲೆ 2010ರಲ್ಲಿ ಇಸ್ನರ್ ಮತ್ತು ಮಾಹು ಆಡುವವರೆಗೆ ಉಳಿಯಿತು. ಟೈಬ್ರೇಕರ್ ಬೇಕೇ ಬೇಕು ಎಂಬ ವಾದಕ್ಕೆ ಬಲ ಬಂದದ್ದೂ ಈ ಪಂದ್ಯದಿಂದಲೇ.

1970ರ ಜನವರಿಯಲ್ಲಿ ಮತ್ತೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಹೆಸರು ಹಳೆಯದು, ಕಟ್ಟಡ ಹೊಸದು. ಹಿಂದಿನ ವರ್ಷ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಗೆದ್ದಿದ್ದ ರಾಡ್ ಲೇವರ್ ಎದುರಾಳಿ. ಗೆದ್ದವನಿಗೆ 10,000 ಡಾಲರ್ ಪೂರ್ತಿ, ಸೋತವನಿಗೆ ಏನೂ ಇಲ್ಲ. ಸುಮಾರು 15,000 ಜನರ ಮುಂದೆ, ಒಳಾಂಗಣದ ದೀಪದಡಿ, ಗೊನ್ಸಾಲೆಸ್ ಐದು ಸೆಟ್‌ಗಳಲ್ಲಿ ಗೆದ್ದ.

ಡಿಮೊಯ್ನ್ ಬಂದದ್ದು ಇದರ ಎರಡು ವರ್ಷಕ್ಕೆ. ಅಯೋವಾದ ಚಳಿಗಾಲ, ಹೊರಗೆ ಆಡುವ ಮಾತೇ ಇಲ್ಲ. ಫೈನಲ್ ಎದುರಾಳಿ ಫ್ರಾನ್ಸಿನ ಜಾರ್ಜ್ ಗೊವೆನ್ ಹುಟ್ಟಿದ್ದು 1948ರಲ್ಲಿ, ಗೊನ್ಸಾಲೆಸ್ ಮೊದಲ ಸಲ ಫಾರೆಸ್ಟ್ ಹಿಲ್ಸ್ ಗೆದ್ದ ವರ್ಷ. ಮೊದಲೆರಡು ಸೆಟ್ ಹೋದವು, 3–6, 4–6. ಶ್ರೋಡರ್ ಎದುರು, ಕ್ರೇಮರ್ ಎದುರು, ಪಸರೆಲ್ ಎದುರು ಹೋದ ಹಾಗೆಯೇ. ಮುಂದಿನ ಮೂರು 6–3, 6–4, 6–2. ಮುಕ್ತ ಯುಗದಲ್ಲಿ ಸಿಂಗಲ್ಸ್ ಟೂರ್ನಿ ಗೆದ್ದ ಪುರುಷರಲ್ಲಿ ಇಷ್ಟು ವಯಸ್ಸಾದವರು ಇನ್ನೊಬ್ಬರಿಲ್ಲ. ಒಂದನೇ ಮಹಡಿಯ ಹುಡುಗನಿಗೆ ಮರುದಿನ ಇದನ್ನು ಹೇಳಿದೆ. ಮೊದಲ ಸೆಟ್‌ನಿಂದಲೇ ಚೆನ್ನಾಗಿ ಆಡಬಾರದಿತ್ತೇ ಎಂದು ಕೇಳಿ ಓಡಿಹೋದ.

ಮುಂದಿನದು ಲಾಸ್ ವೇಗಾಸ್. ಸೀಸರ್ಸ್ ಪ್ಯಾಲೇಸ್ ಹೋಟೆಲಿನಲ್ಲಿ ಸುಮಾರು 16 ವರ್ಷ ಟೆನಿಸ್ ವಿಭಾಗದ ಮುಖ್ಯಸ್ಥನಾಗಿದ್ದ. 1985ರಲ್ಲಿ ಆ ಕೆಲಸವೂ ಹೋಯಿತು. ಅದೇ ಊರಿನಲ್ಲಿ, ಇರಾನ್‌ನಿಂದ ವಲಸೆ ಬಂದ ಮಾಜಿ ಬಾಕ್ಸರ್ ಮೈಕ್ ಅಗಾಸಿ ತನ್ನ ಮಕ್ಕಳನ್ನು ಹಗಲೂ ರಾತ್ರಿ ಟೆನಿಸ್ ಆಡಿಸುತ್ತಿದ್ದ. ಹಿರಿಯ ಮಗಳು ರೀಟಾ ಗೊನ್ಸಾಲೆಸ್ ಬಳಿ ತರಬೇತಿಗೆ ಬಂದಳು. ತನಗಿಂತ ಮೂವತ್ತು ವರ್ಷಕ್ಕೂ ಹೆಚ್ಚು ದೊಡ್ಡವನನ್ನು 1984ರಲ್ಲಿ ಮದುವೆಯಾದಳು. ಅಪ್ಪ ಕೆಂಡವಾದ. ಅದೂ ಮುರಿದುಬಿತ್ತು, ಒಬ್ಬ ಮಗನನ್ನು ಉಳಿಸಿ. ರೀಟಾಳ ಕೊನೆಯ ತಮ್ಮ ಆಂದ್ರೆ.

1995ರ ಜುಲೈ 3ರಂದು, ವಿಂಬಲ್ಡನ್ ನಡೆಯುತ್ತಿದ್ದ ದಿನಗಳಲ್ಲೇ, ಗೊನ್ಸಾಲೆಸ್ ಲಾಸ್ ವೇಗಾಸ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. 67 ವರ್ಷ ಆಗಿತ್ತು. ಕೈಯಲ್ಲಿ ಹೇಳಿಕೊಳ್ಳುವಂಥ ಹಣವಿರಲಿಲ್ಲ. ಆ ವರ್ಷ ವಿಂಬಲ್ಡನ್‌ಗೆ ಅಗ್ರ ಶ್ರೇಯಾಂಕದ ಆಟಗಾರನಾಗಿ ಬಂದಿದ್ದವನು ಆಂದ್ರೆ ಅಗಾಸಿ. ಅಂತ್ಯಕ್ರಿಯೆಯ ಖರ್ಚನ್ನು ಆತನೇ ಕೊಟ್ಟ.